ಬೆಳಗಿನ ಮೊದಲ ಎರಡು ಗಂಟೆ: ಸಣ್ಣ ಉದ್ದಿಮೆ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಐದೂವರೆ. ಒಂದು ಒಲೆಯ ಮೇಲೆ ಕುಕ್ಕರ್, ಇನ್ನೊಂದರ ಮೇಲೆ ಹಾಲು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಫೋನ್. ಆ ಕಡೆ ನೈಟ್ ಶಿಫ್ಟ್ ಆಪರೇಟರ್: "ಮೇಡಂ, ಎರಡನೇ ಮಷಿನ್‌ನಲ್ಲಿ ಅಲಾರಂ ಬರ್ತಿದೆ, ಏನ್ಮಾಡ್ಲಿ?" ಅಷ್ಟರಲ್ಲಿ ಹಾಲು ಉಕ್ಕಿತು. "ಅಯ್ಯೋ, ಆಫ್ ಮಾಡು, ಆಫ್ ಮಾಡು!" ಅಂತ ಮಗಳಿಗೆ ಕೂಗಿದೆ. ಮಗಳು ಒಲೆ ಆರಿಸಿದಳು. ಆಪರೇಟರ್ ಮಷಿನ್ ಆರಿಸಿದ.

ಒಳಗಿದ್ದ ಪೀಸ್ ಅರ್ಧ ಕಟ್ ಆಗಿತ್ತು. ಸ್ಕ್ರ್ಯಾಪ್‌ಗೆ ಹೋಯಿತು. ಅಲಾರಂ ಬಂದದ್ದು ಲ್ಯೂಬ್ ಆಯಿಲ್ ಕಮ್ಮಿಯಾಗಿದೆ ಅಂತ. ಅರ್ಧ ಲೀಟರ್ ಎಣ್ಣೆ ಹಾಕಿದ್ದರೆ ಮುಗಿಯುತ್ತಿತ್ತು.

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಷಿನ್‌ಗಳು ಆರು (ನಾಲ್ಕು ಸಿಎನ್‌ಸಿ, ಎರಡು ವಿಎಂಸಿ), ಹದಿನೆಂಟು ಜನ. ಹೆಚ್ಚಿನದು ಬೇರೆ ಕಂಪನಿಗಳಿಗೆ ಪಾರ್ಟ್ ಮಾಡಿಕೊಡುವ ಜಾಬ್ ವರ್ಕ್. ಆ ಹಾಲು ಉಕ್ಕಿದ ದಿನದಿಂದ ನನ್ನ ಬೆಳಗನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಜೋಡಿಸುತ್ತಾ ಬಂದಿದ್ದೇನೆ. ಇಲ್ಲಿರುವುದು ಹಾಗೆ ಜೋಡಿಸಿದ ಮೇಲೆ ಉಳಿದದ್ದು. ನಿಮ್ಮದು ಬೇಕರಿ ಇರಬಹುದು, ಗಾರ್ಮೆಂಟ್ಸ್ ಇರಬಹುದು, ಹತ್ತು ಜನರ ಸಾಫ್ಟ್‌ವೇರ್ ಆಫೀಸ್ ಇರಬಹುದು. ಮಷಿನ್ ಅನ್ನುವ ಕಡೆ ನಿಮ್ಮ ಸಾಮಾನಿನ ಹೆಸರು ಹಾಕಿಕೊಳ್ಳಿ.

ಮೊದಲು, ನಾಲ್ಕು ಗಂಟೆಗೆ ಏಳುವ ಹುಚ್ಚು ಬಿಡಿ

ಆಪಲ್‌ನ ಟಿಮ್ ಕುಕ್ ಬೆಳಗಿನ ಜಾವ ನಾಲ್ಕರ ಹೊತ್ತಿಗೇ ಏಳುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಿವೃತ್ತಿಯಾಗುವವರೆಗೂ ಬೆಳಿಗ್ಗೆ 6:20ಕ್ಕೆ ಆಫೀಸಿನಲ್ಲಿರುತ್ತಿದ್ದೆ ಅಂತ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಹೇಳಿದ್ದಾರೆ. ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ 2018ರಲ್ಲಿ ಹೇಳಿದ್ದು ಪೂರ್ತಿ ಬೇರೆ. ಎಂಟು ಗಂಟೆ ನಿದ್ದೆ ಬೇಕೇ ಬೇಕು. ಬೆಳಿಗ್ಗೆ ಪೇಪರ್ ಓದಿ, ಕಾಫಿ ಕುಡಿದು, ಮಕ್ಕಳ ಜೊತೆ ತಿಂಡಿ ತಿಂದು ಸುಮ್ನೆ ಓಡಾಡಿಕೊಂಡಿರುವುದು. ತಲೆ ಓಡಿಸಬೇಕಾದ ಮೀಟಿಂಗ್ ಹತ್ತು ಗಂಟೆಗೆ. ಮೂವರೂ ಗೆದ್ದವರೇ ಅಲ್ವಾ? ಹಾಗಾದರೆ ಗುಟ್ಟು ಗಡಿಯಾರದಲ್ಲಿ ಇರಲಾರದು. ಮೂವರಿಗೂ ಇರುವ ಒಂದೇ ಸಾಮ್ಯ ಅಂದರೆ, ದಿನದ ಮೊದಲ ಪಾಲನ್ನು ಹೇಗೆ ಕಳೆಯಬೇಕು ಅಂತ ಅವರೇ ತೀರ್ಮಾನಿಸಿದ್ದಾರೆ. ಮೊದಲು ಬಂದ ಫೋನ್ ಕಾಲ್ ತೀರ್ಮಾನಿಸಿಲ್ಲ.

ಇನ್ನೊಂದು ವಿಷಯ. ಇಂಥವರ ದಿನಚರಿ ಬರೆಯುವವರು ಯಾರೂ, ಅವರ ಮಕ್ಕಳ ಟಿಫನ್ ಬಾಕ್ಸ್ ಯಾರು ಕಟ್ಟುತ್ತಾರೆ ಅಂತ ಬರೆಯುವುದಿಲ್ಲ. ಉದ್ದಿಮೆ ನಡೆಸುವ ಹೆಂಗಸರು ಓದುವಾಗ ಮೊದಲು ಹುಡುಕುವುದೇ ಅದನ್ನು.

ನಾನೂ ನಾಲ್ಕು ಗಂಟೆಗೆ ಎದ್ದು ನೋಡಿದ್ದೇನೆ. ಇಪ್ಪತ್ಮೂರು ದಿನ. ಮಲಗುವ ಹೊತ್ತು ಮಾತ್ರ ಹನ್ನೊಂದೇ ಇತ್ತು. ಮಧ್ಯಾಹ್ನ ಮೂರಕ್ಕೆಲ್ಲ ಸಿಡಸಿಡ. ರಾತ್ರಿ ಒಂಬತ್ತಕ್ಕೆ ಕೂತು ಕೊಟೇಶನ್ ಮಾಡುವಾಗ ಎದ್ದು ಹದಿನೇಳು ಗಂಟೆ ಆಗಿರುತ್ತಿತ್ತು. ಹದಿನೇಳು ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟಕ್ಕೆ ಇಳಿದಿರುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಮಿತಿ 0.03. ಅಂದರೆ ಸ್ಕೂಟರ್ ಓಡಿಸಬಾರದ ಸ್ಥಿತಿಯಲ್ಲಿ ನಾನು ರೇಟ್ ಹಾಕುತ್ತಿದ್ದೆ. ಅಂಥದ್ದೊಂದು ರಾತ್ರಿ 800 ಅಲ್ಯೂಮಿನಿಯಂ ಪೀಸ್‌ಗಳ ಕೊಟೇಶನ್‌ನಲ್ಲಿ ಆನೋಡೈಸಿಂಗ್ (ಮೇಲ್ಮೈಗೆ ರಕ್ಷಣೆಯ ಪದರ ಕೂರಿಸುವುದು) ಖರ್ಚು ಸೇರಿಸುವುದನ್ನೇ ಮರೆತೆ. ಆರ್ಡರ್ ಕೂಡಲೇ ಬಂತು. ಯಾಕೆ ಬರಲ್ಲ!

ಹೆಜ್ಜೆ 1: ಬೆಳಗನ್ನು ಹಿಂದಿನ ಸಂಜೆಯೇ ಕಟ್ಟಿ

ಏಳುವ ಗಂಟೆಯಿಂದ ಹಿಂದಕ್ಕೆ ಎಣಿಸಿ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ನಾನು 5:15ಕ್ಕೆ ಏಳಬೇಕು, ಹಾಗಾಗಿ ಹತ್ತಕ್ಕೆ ದೀಪ ಆರಬೇಕು. ರಾತ್ರಿ ಹನ್ನೊಂದರವರೆಗೆ ಕೆಲಸ ಇರುವ ಹೋಟೆಲಿನವರು ಆರೂವರೆ ಏಳಕ್ಕೆ ಎದ್ದರೆ ನಾಚಿಕೆಪಡಬೇಕಿಲ್ಲ. ಆದರೆ ದಿನಾ ಅದೇ ಹೊತ್ತಿರಲಿ. ಭಾನುವಾರ ಹತ್ತರವರೆಗೆ ಮಲಗಿದರೆ ಸೋಮವಾರ ಬೆಳಿಗ್ಗೆ ದೇಹ ಬೇರೆ ಊರಿನಲ್ಲಿ ಇದ್ದಂತೆ ಆಡುತ್ತದೆ.

ಕಾಫಿ ಕೂಡ ಹಿಂದಿನ ದಿನದ ವಿಷಯವೇ. ಕುಡಿದ ಕೆಫೀನ್‌ನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕಸ್ಟಮರ್ ಆಫೀಸಿನಲ್ಲಿ ಕುಡಿದ ಸ್ಟ್ರಾಂಗ್ ಕಾಫಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಮೂರರ ನಂತರ ನನಗೆ ಮಜ್ಜಿಗೆಯೇ.

ಆಮೇಲೆ ಪುಟ. ಶಾಪ್‌ನಿಂದ ಹೊರಡುವ ಮುಂಚೆ ಒಂದು ರಫ್ ನೋಟ್‌ಬುಕ್ಕಿನಲ್ಲಿ ನಾಳೆಯ ಪುಟ ಬರೆಯುತ್ತೇನೆ. ಮೇಲೆ ಒಂದೇ ಒಂದು ಕೆಲಸ. ಅದರ ಕೆಳಗೆ ಯಾರಿಗೆ ಫೋನ್ ಮಾಡಬೇಕು. ಕೊನೆಗೆ, ಯಾವ ಪಾರ್ಟ್ ಎಷ್ಟಕ್ಕೆ ನಿಂತಿದೆ. ಹತ್ತು ನಿಮಿಷದ ಕೆಲಸ. ಆದರೆ ಇದನ್ನು ಬರೆಯದ ರಾತ್ರಿ ಅದೇ ಪಟ್ಟಿ ಹಾಸಿಗೆಯಲ್ಲಿ ತಲೆಯೊಳಗೆ ಓಡುತ್ತಿರುತ್ತದೆ.

ಮನೆಯ ಕಡೆ: ತರಕಾರಿ ರಾತ್ರಿಯೇ ಹೆಚ್ಚಿ ಡಬ್ಬಿಯಲ್ಲಿ. ಬಾಕ್ಸ್ ಕಟ್ಟುವುದು ಸೋಮ, ಬುಧ, ಶುಕ್ರ ನಮ್ಮ ಯಜಮಾನರು. ಇದು ಒಪ್ಪಂದಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಮೊದಲ ವಾರ ಮಕ್ಕಳ ಬಾಕ್ಸ್‌ನಲ್ಲಿ ಬರೀ ಬ್ರೆಡ್ ಜ್ಯಾಮ್. ಈಗ ಅವರ ಚಿತ್ರಾನ್ನ ನನ್ನದಕ್ಕಿಂತ ಚೆನ್ನಾಗಿರುತ್ತದೆ ಅಂತ ಮಗಳು ಹೇಳುತ್ತಾಳೆ. ಗಂಡಸರೇ, ಉದ್ದಿಮೆ ನಿಮ್ಮದಾಗಿದ್ದು ನಿಮಗೆ "ಶಾಂತವಾದ ಬೆಳಗು" ಸಿಗುತ್ತಿದ್ದರೆ, ಅದು ಯಾರ ನಿದ್ದೆಯಿಂದ ಬರುತ್ತಿದೆ ಅಂತ ಒಮ್ಮೆ ಅಡುಗೆಮನೆ ಕಡೆ ನೋಡಿ.

ಹೆಜ್ಜೆ 2: ಫೋನಿಗೆ ಬೇಲಿ ಹಾಕಿ

ಫೋನ್ ಮುಟ್ಟಲೇಬೇಡಿ ಅನ್ನುವ ಉಪದೇಶ ನೈಟ್ ಶಿಫ್ಟ್ ಇಲ್ಲದವರದ್ದು. ನಮಗೆ ಬೇಕಿರುವುದು ಬೇಲಿ, ಗೋಡೆಯಲ್ಲ.

ಫೋನಿನಲ್ಲಿ 'ಡು ನಾಟ್ ಡಿಸ್ಟರ್ಬ್' ರಾತ್ರಿ 9:30ರಿಂದ ಬೆಳಿಗ್ಗೆ 7:20ರವರೆಗೆ ತಾನೇ ಆನ್ ಆಗುವಂತೆ ಇಡಿ. ಅದರಲ್ಲಿ ಕೆಲವು ನಂಬರ್‌ಗಳಿಗೆ ಮಾತ್ರ ರಿಂಗ್ ಆಗುವ ಅವಕಾಶ ಇರುತ್ತದೆ. ನನ್ನದರಲ್ಲಿ ಮೂರೇ ನಂಬರ್: ಸೂಪರ್‌ವೈಸರ್, ವಾಚ್‌ಮನ್, ಊರಿನಲ್ಲಿರುವ ಅಮ್ಮ. ಆಪರೇಟರ್‌ಗಳು ನನಗೆ ನೇರವಾಗಿ ಫೋನ್ ಮಾಡುವುದಿಲ್ಲ. ಸೂಪರ್‌ವೈಸರ್‌ಗೆ ಮಾಡುತ್ತಾರೆ.

ಅದಕ್ಕೂ ಮುಂಚೆ ಮಷಿನ್ ಮೇಲೆ ಅಂಟಿಸಿದ ಚಾರ್ಟ್ ನೋಡುತ್ತಾರೆ. ಹಾಲು ಉಕ್ಕಿದ ವಾರವೇ ಆ ಚಾರ್ಟ್ ಮಾಡಿದ್ದು. ಎಡಗಡೆ ಅಲಾರಂ, ಬಲಗಡೆ ಮಾಡಬೇಕಾದ್ದು. ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು. "ಲ್ಯೂಬ್ ಕಮ್ಮಿ: ಸೈಕಲ್ (ಹಿಡಿದ ಪೀಸ್) ಮುಗಿಯಲಿ, ನಂತರ ಎಣ್ಣೆ ಹಾಕಿ." "ಸ್ಪಿಂಡಲ್ ಓವರ್‌ಲೋಡ್: ನಿಲ್ಲಿಸಿ, ಸೂಪರ್‌ವೈಸರ್‌ಗೆ ಫೋನ್ ಮಾಡಿ." ಬೆಳಿಗ್ಗೆ ಬರುವ ಪ್ರತಿ ಫೋನ್ ಕಾಲ್‌ಗೂ ಹೀಗೊಂದು ಕಾಗದ ಇರಬೇಕಿತ್ತು ಅಂದುಕೊಳ್ಳಿ. ಒಂದು ವಾರ ಬಂದ ಕಾಲ್‌ಗಳನ್ನೆಲ್ಲ ಬರೆದಿಡಿ. ಎರಡು ಸಲ ಬಂದ ಪ್ರಶ್ನೆಗೆ ಉತ್ತರ ಬರೆದು ಗೋಡೆಗೆ ಅಂಟಿಸಿ.

ಜೊತೆಗೆ ದುಡ್ಡಿನ ಮಿತಿ. 3,000 ರೂಪಾಯಿ ಒಳಗಿನ ಖರ್ಚಿಗೆ ಸೂಪರ್‌ವೈಸರ್ ನನ್ನನ್ನು ಕೇಳಬೇಕಿಲ್ಲ. ಬಿಲ್ ಇಟ್ಟರೆ ಸಾಕು. ಮೊದಲ ತಿಂಗಳು ಹೊಟ್ಟೆಯಲ್ಲಿ ಸಂಕಟ ಆಯಿತು, ಸುಳ್ಳು ಹೇಳಲ್ಲ. ಆದರೆ ಒಂದು ಹೋಸ್ ಕ್ಲ್ಯಾಂಪ್‌ಗಾಗಿ ಮಷಿನ್ ಎರಡು ಗಂಟೆ ನಿಲ್ಲುವುದು ತಪ್ಪಿತು.

ಹೆಜ್ಜೆ 3: ಐವತ್ತು ನಿಮಿಷ, ಒಂದೇ ಕೆಲಸ

ಎದ್ದು ಮುಖ ತೊಳೆದು, ನೀರು ಕುಡಿದು, ಲೋಟದಲ್ಲಿ ಕಾಫಿ ಹಿಡಿದು 5:25ಕ್ಕೆ ಡೈನಿಂಗ್ ಟೇಬಲ್ ಮುಂದೆ. 6:15ಕ್ಕೆ ಮುಗಿಯಿತು, ಅಡುಗೆಮನೆಗೆ. ನಡುವಿನ ಐವತ್ತು ನಿಮಿಷ ನೋಟ್‌ಬುಕ್ಕಿನ ಮೇಲಿನ ಸಾಲಿನಲ್ಲಿರುವ ಕೆಲಸಕ್ಕೆ.

ಯಾವ ಕೆಲಸ? ನೀವಲ್ಲದೆ ಇನ್ಯಾರೂ ಮಾಡಲಾಗದ್ದು, ಮಾಡದಿದ್ದರೆ ಇವತ್ತು ಯಾರೂ ಕೇಳದ್ದು. ರೇಟ್ ಹಾಕುವುದು. ಬ್ಯಾಂಕ್ ಮ್ಯಾನೇಜರ್‌ಗೆ ಕಾಗದ. ಹೊಸ ಮಷಿನ್ ತಗೋಬೇಕಾ ಬೇಡವಾ ಅನ್ನುವ ಲೆಕ್ಕ. ಒಬ್ಬ ಹಳೆಯ ಕೆಲಸಗಾರನ ಜೊತೆ ಆಡಬೇಕಾದ ಕಷ್ಟದ ಮಾತಿಗೆ ತಯಾರಿ. ಇಮೇಲ್ ಉತ್ತರಿಸುವುದು ಈ ಪಟ್ಟಿಯಲ್ಲಿಲ್ಲ.

ಕೊಟೇಶನ್ ನಾನು ಈಗ ಬೆಳಿಗ್ಗೆ ಮಾತ್ರ ಮಾಡುತ್ತೇನೆ. ಸಂಜೆ ಆರಕ್ಕೆ ಫೋನ್ ಮಾಡಿ "ಮೇಡಂ, ಈಗ್ಲೇ ರೇಟ್ ಕಳ್ಸಿ" ಅಂದರೆ "ನಾಳೆ ಎಂಟಕ್ಕೆ ನಿಮ್ಮ ಇನ್‌ಬಾಕ್ಸ್‌ನಲ್ಲಿ ಇರುತ್ತೆ" ಅನ್ನುತ್ತೇನೆ. ಇದುವರೆಗೆ ಯಾರೂ ಅದಕ್ಕೆ ಆರ್ಡರ್ ಬೇರೆಯವರಿಗೆ ಕೊಟ್ಟಿಲ್ಲ. ಟೇಬಲ್ ಮೇಲೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಇದೆ. ಮೆಟೀರಿಯಲ್, ಕಟಿಂಗ್ ವೇಸ್ಟ್, ಸೈಕಲ್ ಟೈಮ್, ಸೆಟ್ಟಿಂಗ್ ಟೈಮ್, ಇನ್ಸರ್ಟ್, ಹೊರಗೆ ಕಳಿಸುವ ಪ್ಲೇಟಿಂಗ್ ಅಥವಾ ಆನೋಡೈಸಿಂಗ್, ಇನ್‌ಸ್ಪೆಕ್ಷನ್, ಪ್ಯಾಕಿಂಗ್, ಗಾಡಿ ಬಾಡಿಗೆ, ರಿಜೆಕ್ಷನ್‌ಗೆ ಸ್ವಲ್ಪ, ದುಡ್ಡು ತಡವಾಗಿ ಬಂದರೆ ಅದರ ಬಡ್ಡಿ. ಪ್ರತಿ ಸಾಲಿನ ಮುಂದೆ ಅಂಕಿ ಬರೆಯಬೇಕು. ಇಲ್ಲದಿದ್ದರೆ ಸೊನ್ನೆ ಬರೆಯಬೇಕು. ಖಾಲಿ ಬಿಡುವ ಹಾಗಿಲ್ಲ. ಆನೋಡೈಸಿಂಗ್ ಸಾಲಿಗೆ ಮಾತ್ರ ಕೆಂಪು ಬಣ್ಣ ಬಳಿದಿದ್ದೇನೆ.

ಐವತ್ತು ನಿಮಿಷದಲ್ಲಿ ಮುಗಿಯದಿದ್ದರೆ? ಎಲ್ಲಿ ನಿಲ್ಲಿಸಿದೆ ಅಂತ ಒಂದು ಸಾಲು ಬರೆದು ಏಳಿ. ಕುಕ್ಕರ್ ಕಾಯುವುದಿಲ್ಲ.

ಹೆಜ್ಜೆ 4: ಮೈಗೆ ಸ್ವಲ್ಪ ಕೆಲಸ

ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಅಥವಾ ಅಂಥದ್ದೇನಾದರೂ, ಎರಡು ದಿನ ಸ್ನಾಯುಗಳಿಗೆ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಕನಿಷ್ಠ ಅಳತೆ ಇದು. ಜಿಮ್‌ಗೆ ಎರಡು ಸಲ ವರ್ಷದ ದುಡ್ಡು ಕಟ್ಟಿ ಎರಡು ಸಲವೂ ಬಿಟ್ಟವಳು ನಾನು. ಈಗ ಕಾರು ಮನೆಯಲ್ಲಿ. ಗ್ರೀನ್ ಲೈನ್ ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿ ಸ್ಟೇಷನ್, ಅಲ್ಲಿಂದ ಶಾಪ್‌ಗೆ ಇಪ್ಪತ್ತು ನಿಮಿಷ ನಡಿಗೆ. ಸಂಜೆ ಮತ್ತೆ ಇಪ್ಪತ್ತು. ಬೆಳಗಿನ ಬಿಸಿಲೂ ಸಿಗುತ್ತದೆ. ಆ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಹೊಂದುತ್ತದೆ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ಲಾರಿ ಹೊಗೆಯೂ ಸಿಗುತ್ತದೆ, ಅದಕ್ಕೆ ಒಳರಸ್ತೆ ಹಿಡಿಯುತ್ತೇನೆ.

ವಾಟ್ಸಾಪ್ ತೆರೆಯುವುದು ಮೆಟ್ರೋದಲ್ಲಿ ಕೂತ ಮೇಲೆ. ಇಳಿಯುವಷ್ಟರಲ್ಲಿ ಮುಗಿಯಬೇಕು.

ಹೆಜ್ಜೆ 5: ಶಾಪ್‌ನೊಳಗೆ ಒಂದು ರೌಂಡ್

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ಇದನ್ನೇ ಮಾಡಿ ಅನ್ನುತ್ತೇನೆ.

ಟೊಯೋಟಾ ಕಾರು ಕಂಪನಿಯ ಎಂಜಿನಿಯರ್ ತೈಚಿ ಓನೋ ಬಗ್ಗೆ ಒಂದು ಕತೆ ಹೇಳುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಹೊಸ ಎಂಜಿನಿಯರ್‌ನನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ. ಮಾತಿಲ್ಲ, ಸುಮ್ಮನೆ ನೋಡಬೇಕು. ಕೆಲಸ ನಡೆಯುವ ಜಾಗಕ್ಕೇ ಹೋಗಿ ಕಣ್ಣಾರೆ ನೋಡುವ ಆ ಅಭ್ಯಾಸವೇ ಮುಂದೆ ಆ ಕಂಪನಿಯ ಹೆಗ್ಗುರುತಾಯಿತು. ನಮಗೆ ಗಂಟೆಗಟ್ಟಲೆ ಬೇಡ. ಇಪ್ಪತ್ತೈದು ನಿಮಿಷ ಸಾಕು.

ಹೊತ್ತು ಮುಖ್ಯ. ನಮ್ಮಲ್ಲಿ ಶಿಫ್ಟ್ ಬದಲಾಗುವುದು ಎಂಟಕ್ಕೆ. ನಾನು 7:50ಕ್ಕೆ ಒಳಗಿರುತ್ತೇನೆ. ನೈಟ್ ಶಿಫ್ಟಿನವನು ಬ್ಯಾಗ್ ಹೆಗಲಿಗೆ ಹಾಕುವ ಮುಂಚೆ ಅವನ ಹತ್ತಿರ ಐದು ನಿಮಿಷ ನಿಲ್ಲಬೇಕು. ರಾತ್ರಿ ಏನಾಯಿತು ಅನ್ನುವುದು ಅವನ ಜೊತೆ ಬಾಗಿಲು ದಾಟಿ ಹೋಗಿಬಿಡುತ್ತದೆ. ರಿಜಿಸ್ಟರ್‌ನಲ್ಲಿ ಬರೆಯುವುದು "ಓಕೆ" ಅಂತ ಮಾತ್ರ.

ಹೇಗೆ ಕೇಳಬೇಕು ಅನ್ನುವುದನ್ನೂ ತಪ್ಪು ಮಾಡಿಯೇ ಕಲಿತೆ. "ಎಲ್ಲ ಸರೀನಾ?" ಅಂದರೆ "ಸರಿ ಮೇಡಂ". ಅಲ್ಲಿಗೆ ಮುಗಿಯಿತು. ಈಗ ಕೇಳುವುದು ಮೂರು.

"ರಾತ್ರಿ ಮಷಿನ್ ಎಷ್ಟು ಸಲ ನಿಂತಿತು?"
"ಯಾವುದಕ್ಕೆ ಕಾಯಬೇಕಾಯ್ತು?"
"ನಾನು ಏನು ತರಿಸಿಕೊಟ್ಟರೆ ಇವತ್ತು ಸುಲಭ ಆಗುತ್ತೆ?"

ಮೂರನೇ ಪ್ರಶ್ನೆಗೆ ಮೊದಲ ಎರಡು ವಾರ ಯಾರೂ ಬಾಯಿ ಬಿಡಲಿಲ್ಲ. ಹದಿನೈದನೇ ದಿನ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಟರ್ನರ್ ಹೇಳಿದರು: "ಅಮ್ಮಾ, ಆ ಟ್ಯೂಬ್‌ಲೈಟ್ ಹೋಗಿ ಒಂದು ತಿಂಗ್ಳಾಯ್ತು. ವರ್ನಿಯರ್ ಓದೋಕೆ ಕಿಟಕಿ ಹತ್ರ ಹೋಗ್ಬೇಕು." ಪ್ರತಿ ಪೀಸ್ ಅಳೆಯಲು ಹನ್ನೆರಡು ಹೆಜ್ಜೆ ಆ ಕಡೆ, ಹನ್ನೆರಡು ಈ ಕಡೆ. ಮೊಣಕಾಲು ನೋವಿರುವ ಮನುಷ್ಯ. ಟ್ಯೂಬ್‌ಲೈಟ್‌ಗೆ ಎಷ್ಟು ದುಡ್ಡು! ಅರ್ಧ ಗಂಟೆಯಲ್ಲಿ ಹಾಕಿಸಿದೆ. ಮಾರನೇ ದಿನದಿಂದ ಎಲ್ಲರೂ ಮಾತಾಡಲು ಶುರು ಮಾಡಿದರು.

ಕಿವಿ ಮೂಗು ಕೂಡ ತೆರೆದಿರಲಿ. ಶಿಫ್ಟ್ ಬದಲಾಗುವಾಗ ಮಷಿನ್‌ಗಳು ಎರಡು ನಿಮಿಷ ಸುಮ್ಮನಿರುತ್ತವೆ. ಆಗ ಗಾಳಿ ಪೈಪಿನಲ್ಲಿ 'ಸ್ಸ್' ಅಂತ ಸೋರುವುದು ಕೇಳಿಸುತ್ತದೆ. ಕಂಪ್ರೆಸರ್ ತುಂಬಿಸಿದ ಗಾಳಿ ಹಾಗೆ ಹೋಗುವುದು ಅಂದರೆ ಕರೆಂಟ್ ಬಿಲ್ ಸೋರಿದಂತೆ. ಸೋಮವಾರ ಬಾಗಿಲು ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಭಾನುವಾರ ನಿಂತಿದ್ದ ಕೂಲೆಂಟ್‌ನಲ್ಲಿ (ಕಟಿಂಗ್ ತಂಪಾಗಿಡುವ ದ್ರವ) ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಅರ್ಥ. ಇವು ಯಾವ ರಿಪೋರ್ಟ್‌ನಲ್ಲೂ ಬರಲ್ಲ.

ರೌಂಡ್‌ನಲ್ಲಿ ಬೈಯಬಾರದು. ತಪ್ಪು ಕಂಡರೂ ಬೈಯಬಾರದು. ಬರೆದುಕೊಂಡು ಮಧ್ಯಾಹ್ನ ಕರೆಸಿ ಮಾತಾಡಿ. ಒಮ್ಮೆ ಬೈದರೆ ಮುಂದಿನ ಒಂದು ತಿಂಗಳು ನೀವು ಬರುವ ಮುಂಚೆ ರಿಜೆಕ್ಟ್ ಪೀಸ್‌ಗಳು ಬೆಂಚಿನ ಕೆಳಗೆ ಹೋಗಿರುತ್ತವೆ.

ಆಮೇಲೆ 8:20ಕ್ಕೆ ಬೋರ್ಡ್ ಮುಂದೆ ನಿಂತು ಹತ್ತು ನಿಮಿಷದ ಮಾತು. ನಿನ್ನೆ ಎಷ್ಟು ಪೀಸ್, ಎಷ್ಟು ರಿಜೆಕ್ಟ್, ಇವತ್ತು ಯಾವ ಡಿಸಿ (ಮಾಲಿನ ಜೊತೆ ಕಳಿಸುವ ಡೆಲಿವರಿ ಚಲನ್) ಹೋಗಬೇಕು. ಕುರ್ಚಿ ಹಾಕಿದರೆ ಹತ್ತು ನಿಮಿಷ ನಲವತ್ತಾಗುತ್ತದೆ.

ಹೆಜ್ಜೆ 6: ದುಡ್ಡಿಗೆ ಹದಿನೈದು ನಿಮಿಷ

ಒಂಬತ್ತಕ್ಕೆ ಬ್ಯಾಂಕ್ ಬ್ಯಾಲೆನ್ಸ್, ಬರಬೇಕಾದ್ದು, ಕೊಡಬೇಕಾದ್ದು. ಮೂರು ಅಂಕಿ, ಅದೇ ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆಯಿರಿ. ಅಕೌಂಟೆಂಟ್ ತಿಂಗಳ ಕೊನೆಗೆ ಕೊಡುವ ಎಕ್ಸೆಲ್ ಹಾಳೆ ನೋಡಿ ಎದೆ ಒಡೆದುಕೊಳ್ಳುವ ಬದಲು ದಿನಾ ಸ್ವಲ್ಪ ಸ್ವಲ್ಪ ಒಡೆದುಕೊಳ್ಳುವುದು ಮೇಲು.

ತಿಂಗಳ ತಾರೀಖುಗಳು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಇರಲಿ. 7ಕ್ಕೆ ಟಿಡಿಎಸ್ (ಕೊಡುವ ದುಡ್ಡಿನಲ್ಲಿ ಹಿಡಿದಿಟ್ಟ ತೆರಿಗೆ), ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಲೆಕ್ಕ), 15ಕ್ಕೆ ಪಿಎಫ್ ಮತ್ತು ಇಎಸ್‌ಐ, ತಿಂಗಳಿಗೊಮ್ಮೆ ಸಲ್ಲಿಸುವವರಿಗೇ 20ಕ್ಕೆ ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ಕಟ್ಟುವ ಲೆಕ್ಕ).

ಬಾಕಿ ಕೇಳುವ ಫೋನ್ ಹನ್ನೊಂದರ ನಂತರ ಮಾಡಿ. ಅಷ್ಟೊತ್ತಿಗೆ ಅವರ ಅಕೌಂಟ್ಸ್ ವಿಭಾಗದವರು ಬಂದು ಕಾಫಿ ಕುಡಿದಿರುತ್ತಾರೆ. ಕೇಳಲು ಸಂಕೋಚ ಬೇಡ. ನೀವು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ ಕಿರು ಅಥವಾ ಸಣ್ಣ ಉತ್ಪಾದಕರಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ) ಪ್ರಕಾರ ಬರಹದ ಒಪ್ಪಂದ ಇದ್ದರೂ ಕೊಳ್ಳುವವರು ದುಡ್ಡು ಕೊಡಲು 45 ದಿನ ಮೀರುವ ಹಾಗಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳಿ ಕಸ್ಟಮರ್ ಕಳೆದುಕೊಳ್ಳುವ ಧೈರ್ಯ ನನಗೂ ಇಲ್ಲ. ಆದರೆ ಇನ್‌ವಾಯ್ಸ್ ಕೆಳಗೆ ಉದ್ಯಮ್ ನಂಬರ್ ಮತ್ತು ಈ ಒಂದು ಸಾಲು ಹಾಕಿದ ಮೇಲೆ ಫೋನ್‌ನಲ್ಲಿ ಮಾತಿನ ಧಾಟಿ ಬದಲಾಗಿದ್ದು ನಿಜ.

ಉಳಿದ ದಿನ

ಬೆಳಗು ಸರಿಯಾದರೆ ಮಿಕ್ಕಿದ್ದು ಅರ್ಧ ತಾನೇ ಸರಿಹೋಗುತ್ತದೆ. ಹೊರಗಿನವರ ಮೀಟಿಂಗ್ ಎಲ್ಲ ಎರಡರಿಂದ ನಾಲ್ಕರೊಳಗೆ ಹಾಕಿ. ಮುದ್ದೆ ಊಟ ಮಾಡಿದ ಮೇಲೆ ಹೇಗೂ ಲೆಕ್ಕ ತಲೆಗೆ ಹತ್ತಲ್ಲ, ಜನರ ಜೊತೆ ಮಾತಾಡಬಹುದು. ನಾಲ್ಕರಿಂದ ಐದು ನನ್ನ ಕ್ಯಾಬಿನ್ ಬಾಗಿಲು ತೆರೆದಿರುತ್ತದೆ. ರಜೆ, ಅಡ್ವಾನ್ಸ್, ಜಗಳ, ಮಗಳ ಮದುವೆ, ಏನಿದ್ದರೂ ಆಗ. ಮೊದಲೆಲ್ಲ ದಿನವಿಡೀ ಬರುತ್ತಿದ್ದವರು ಈಗ ನಾಲ್ಕಕ್ಕೆ ಕಾಯುತ್ತಾರೆ. ಕಾಯುವಷ್ಟರಲ್ಲಿ ಅರ್ಧದಷ್ಟು ಜಗಳ ಅಲ್ಲೇ ಮುಗಿದಿರುತ್ತದೆ.

ಶನಿವಾರ ಸಂಜೆ ಆರು ದಿನದ ಪುಟಗಳನ್ನು ತಿರುಗಿಸಿ ನೋಡಿ. ಮೇಲಿನ ಸಾಲಿನ ಕೆಲಸ ಮೂರು ದಿನ ಅದೇ ಆಗಿದ್ದರೆ ಅದು ಕೆಲಸದ ತೊಂದರೆ ಅಲ್ಲ, ನೀವು ಅದಕ್ಕೆ ಹೆದರುತ್ತಿದ್ದೀರಿ. ನನ್ನ ಪುಟಗಳಲ್ಲಿ "ಬಾಡಿಗೆ ಕರಾರು ಮಾತಾಡಬೇಕು" ಅಂತ ಹನ್ನೊಂದು ದಿನ ಇತ್ತು.

ಶುರು ಮಾಡುವುದು ಹೇಗೆ

ಎಲ್ಲವನ್ನೂ ಸೋಮವಾರದಿಂದ ಶುರು ಮಾಡಿದರೆ ಗುರುವಾರ ಬಿಡುತ್ತೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ ನೋಡಿದಾಗ, ಒಂದು ಹೊಸ ಅಭ್ಯಾಸ ತಾನೇ ತಾನಾಗಿ ನಡೆಯುವ ಹಂತಕ್ಕೆ ಬರಲು 18ರಿಂದ 254 ದಿನದವರೆಗೆ ಬೇಕು ಅಂತ ಅಂದಾಜಾಯಿತು. ನಡುವಿನ ಅಂಕಿ 66. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂರುತ್ತದೆ ಅನ್ನುವ ಮಾತು ನಂಬಿ ಇಪ್ಪತ್ತೆರಡನೇ ದಿನ ನಿರಾಶರಾಗಬೇಡಿ. ಅದೇ ಅಧ್ಯಯನದಲ್ಲಿ ಒಂದು ದಿನ ತಪ್ಪಿದವರಿಗೆ ಅಂಥ ನಷ್ಟವೇನೂ ಆಗಲಿಲ್ಲ.

ನನ್ನ ಸಲಹೆಯ ಕ್ರಮ: ಮೊದಲ ತಿಂಗಳು ಸಂಜೆಯ ಪುಟ ಮಾತ್ರ. ಎರಡನೇ ತಿಂಗಳು ರೌಂಡ್. ಫೋನಿನ ಬೇಲಿ ಮೂರನೆಯದು, ಯಾಕೆಂದರೆ ಗೋಡೆಯ ಮೇಲೆ ಚಾರ್ಟ್ ಇಲ್ಲದೆ ಫೋನ್ ಮುಚ್ಚಿಟ್ಟರೆ ಕೆಲಸ ಕೆಡುತ್ತದೆ. ಐವತ್ತು ನಿಮಿಷ ಕೊನೆಗೆ. ಅಷ್ಟೊತ್ತಿಗೆ ರಾತ್ರಿ ಬೇಗ ಮಲಗುವುದು ರೂಢಿಯಾಗಿರುತ್ತದೆ.

ಎಲ್ಲವೂ ಕೈಕೊಟ್ಟ ದಿನ

ಮಗುವಿಗೆ ಜ್ವರ, ಊರಿನಲ್ಲಿ ಮದುವೆ, ಕಸ್ಟಮರ್ ಆಡಿಟ್, ರಾತ್ರಿಯಿಡೀ ಕರೆಂಟ್ ಇಲ್ಲ. ಇಂಥ ದಿನಕ್ಕೆ ಹತ್ತು ನಿಮಿಷದ ಚಿಕ್ಕ ಪಟ್ಟಿ ಬೇರೆ ಇಡಿ. ನನ್ನದು ಇಷ್ಟು: ನೈಟ್ ಶಿಫ್ಟಿನವನು ಹೊರಡುವ ಮುಂಚೆ ಸೂಪರ್‌ವೈಸರ್ ಫೋನಿನಿಂದ ಅವನ ಜೊತೆ ಮಾತು, ಅದೇ ಮೂರು ಪ್ರಶ್ನೆ. ಬ್ಯಾಂಕ್ ಬ್ಯಾಲೆನ್ಸ್ ಒಮ್ಮೆ ನೋಡುವುದು. ಇವತ್ತು ಯಾವ ಡಿಸಿ ಹೋಗಲೇಬೇಕು ಅಂತ ಕೇಳುವುದು. ಕೊಟೇಶನ್ ಮಾತ್ರ ಅವತ್ತು ಯಾರಿಗೂ ಕಳಿಸುವುದಿಲ್ಲ. ಒಲೆಯ ಮೇಲೆ ಹಾಲಿಟ್ಟುಕೊಂಡು ಆ ಫೋನ್ ಮಾಡುವುದೂ ಇಲ್ಲ.